ಸನವಳ್ಳಿ ಒಡ್ಡಿನ ಮೇಲೆ ಕೂತ ತಾಯಂದಿರು

ಉತ್ತರ ಕನ್ನಡ ಜಿಲ್ಲೆ ಅಂದಕೂಡಲೇ ನಮಗೆಲ್ಲ ನೆನಪಾಗುವುದು ಗೋಕರ್ಣದ ಕಡಲು, ಯಾಣದ ಬಂಡೆ, ಶಿರಸಿ ಮಾರಿಕಾಂಬೆಯ ಜಾತ್ರೆ. ಮುಂಡಗೋಡ ಯಾರಿಗೂ ಚಟ್ಟನೆ ನೆನಪಾಗುವುದಿಲ್ಲ. ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಕಾಡು ತೆಳ್ಳಗಾಗುತ್ತಾ ಬಂದು ಬಯಲಿಗೆ ಸೇರುವ ಕಡೆ ಇದೆ ಈ ತಾಲ್ಲೂಕು. ಮಲೆನಾಡಿನ ಸೀರೆಗೆ ಇದು ಸೆರಗು ಅಂತ ನಾನು ಹೇಳುವುದುಂಟು. ಒಂದು ಮಗ್ಗುಲಿಗೆ ಸಾಗವಾನಿ ಮರ, ಇನ್ನೊಂದು ಮಗ್ಗುಲಿಗೆ ಗೋವಿನಜೋಳದ ಹೊಲ. ಜನರ ಮಾತೂ ಹಾಗೆಯೇ, ಅರ್ಧ ಶಿರಸಿ ಕಡೆಯದು, ಅರ್ಧ ಹುಬ್ಬಳ್ಳಿ ಕಡೆಯದು.

ಸನವಳ್ಳಿ ಇದೇ ಮುಂಡಗೋಡ ತಾಲ್ಲೂಕಿನ ಹಳ್ಳಿ. ಪೇಟೆಯಲ್ಲಿ ಬಸ್ಸಿಳಿದು ಟಂಟಂ ಹತ್ತಿದರೆ ಪಕ್ಕದಲ್ಲಿ ಕೂತವರ ಕಷ್ಟಸುಖ ಕೇಳಿ ಮುಗಿಯುವಷ್ಟರಲ್ಲಿ ಊರು ಬಂದಿರುತ್ತದೆ. ಊರಿನ ಹೆಸರು ನಾಲ್ಕು ಜನಕ್ಕೆ ಗೊತ್ತಿರುವುದು ಅಲ್ಲಿಯ ಜಲಾಶಯದಿಂದ. ಲಿಂಗನಮಕ್ಕಿಯಂಥ ದೊಡ್ಡದನ್ನು ಕಣ್ಣ ಮುಂದೆ ತಂದುಕೊಳ್ಳಬೇಡಿ, ಹೊಲಗದ್ದೆಗೆ ನೀರುಣಿಸುವ ಚಿಕ್ಕ ಡ್ಯಾಮು ಇದು. ದೀಪಾವಳಿ ಹೊತ್ತಿಗೆ ಹೋದರೆ ನೀರು ತುಂಬಿರುತ್ತದೆ, ಅಂಚಿನಲ್ಲಿ ಬೆಳ್ಳಕ್ಕಿ ಸಾಲುಗಟ್ಟಿರುತ್ತವೆ. ಇದೇ ತಾಲ್ಲೂಕಿನ ಅತ್ತಿವೇರಿಯಲ್ಲಿ ಪಕ್ಷಿಧಾಮವೇ ಇದೆ. ಅಲ್ಲಿ ಜಾಗ ಸಿಗದ ಹಕ್ಕಿ ನಮ್ಮೂರಿಗೆ ಬರ್ತಾವ ಅಂತ ನನ್ನ ತಂಗಿಯ ಗಂಡ ಚೇಷ್ಟೆ ಮಾಡುತ್ತಾರೆ.

ನಾನು ಶಿಗ್ಗಾಂವಿಯಲ್ಲಿ ಸಂಸಾರ ಮಾಡಿಕೊಂಡಿರುವವಳು. ತಂಗಿಯನ್ನು ಸನವಳ್ಳಿಗೆ ಕೊಟ್ಟು ಹತ್ತು ವರ್ಷವಾಯಿತು. ಎಷ್ಟೋ ಸಲ ಹೋಗಿದ್ದೇನೆ, ಡ್ಯಾಮಿನ ಒಡ್ಡಿನ ಮೇಲೆ ಚುರುಮುರಿ ತಿಂದು ಬಂದಿದ್ದೇನೆ. ಬರೆಯಬೇಕು ಅಂತ ಅನ್ನಿಸಿರಲಿಲ್ಲ. ಈಗ ಬರೆಯುತ್ತಿರುವುದು ಆ ಒಡ್ಡಿನ ಮೇಲೆ ತಿಂಗಳಿಗೊಮ್ಮೆ ಸೇರುವ ನಾಲ್ಕೈದು ಹೆಣ್ಣುಮಕ್ಕಳಿಗಾಗಿ.

ತಂಗಿಯ ಎರಡನೇ ಮಗು ಹೆಣ್ಣು. ಹುಟ್ಟಿ ಈಗ ಎರಡು ವರ್ಷ ದಾಟಿದೆ. ಹುಟ್ಟಿದಾಗಲೇ ಕೂಸು ಬಹಳ ಮೆತ್ತಗಿತ್ತು. ಎತ್ತಿಕೊಂಡರೆ ಕೈಯಿಂದ ಜಾರುವಂತೆ, ಹಾಲು ಚೀಪಲು ಶಕ್ತಿಯಿಲ್ಲದಂತೆ. ಹೆರಿಗೆಯಾದ ಆಸ್ಪತ್ರೆಯಲ್ಲಿ (ಹೆಸರು ಬೇಡ) ಒಬ್ಬರು ವಾರ್ಡಿನಲ್ಲಿ ಎಲ್ಲರ ಮುಂದೆ, "ಇಂಥ ಕೂಸಿನ ಮ್ಯಾಲೆ ಭಾಳ ಆಸೆ ಇಟ್ಕೋಬ್ಯಾಡ್ರಿ" ಅಂದು ಮುಂದಿನ ಮಂಚಕ್ಕೆ ಹೋದರಂತೆ. ಏನಾಗಿದೆ, ಏನು ಮಾಡಬೇಕು, ಯಾರಲ್ಲಿಗೆ ಹೋಗಬೇಕು, ಒಂದನ್ನೂ ಹೇಳಲಿಲ್ಲ. ಡೌನ್ ಸಿಂಡ್ರೋಮ್ ಎಂಬ ಹೆಸರು ನಮ್ಮ ಕಿವಿಗೆ ಬಿದ್ದದ್ದೇ ಹದಿನೈದು ದಿನದ ಮೇಲೆ, ಬೇರೆ ಡಾಕ್ಟರು ಅಂಗೈಯ ಗೆರೆ, ಕಾಲ್ಬೆರಳ ನಡುವಿನ ಸಂದು ನೋಡಿ ರಕ್ತ ಪರೀಕ್ಷೆಗೆ ಬರೆದುಕೊಟ್ಟಾಗ.

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ. ತೊಟ್ಟಿಲಿಗೆ ಬಂದ ಹೆಂಗಸರಲ್ಲಿ ಒಬ್ಬಾಕೆ ಕೂಸಿನ ಮುಖ ನೋಡಿ, "ಇದೇನವ್ವಾ, ಕ್ಯಾಂಪಿನ ಕೂಸಿನಂಗ ಐತಲ್ಲ!" ಅಂದಳು. ನಕ್ಕವರು ನಕ್ಕರು. ತಂಗಿ ಅವತ್ತಿನಿಂದ ಕೂಸನ್ನು ಪಡಸಾಲೆಗೂ ತರುವುದು ಬಿಟ್ಟಳು. ಯಾರಾದರೂ ಬಂದರೆ ಮುಖದ ಮೇಲೆ ಸೆರಗು. ಚುಚ್ಚುಮದ್ದಿಗೆ ಕರೆಯಲು ಆಶಾ ಕಾರ್ಯಕರ್ತೆ ಬಂದರೆ ಕೂಸು ಮಲಗಿದೆ ಅನ್ನುತ್ತಿದ್ದಳು. ನಾನು ಫೋನು ಮಾಡಿದರೆ ಒಂದೇ ಮಾತು: "ಅಕ್ಕಾ, ಈ ಸೀಮ್ಯಾಗ ನನಗೊಬ್ಬಾಕಿಗೇ ಯಾಕ ಹಿಂಗಾತು?"

ಕ್ಯಾಂಪು ಅಂದರೆ ಗೊತ್ತಲ್ಲ, ಮುಂಡಗೋಡದ ಟಿಬೇಟಿಯನ್ನರ ಕಾಲೊನಿ. ಚೀನಾದ ಕಾಟಕ್ಕೆ ಊರು ಬಿಟ್ಟು ಬಂದವರಿಗೆ 1966ರಲ್ಲಿ, ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಇಲ್ಲಿ ಭೂಮಿ ಕೊಟ್ಟು ನೆಲೆ ಮಾಡಿದರು. ಡ್ರೆಪುಂಗ್, ಗಂದೆನ್ ಎಂಬ ಅವರ ದೊಡ್ಡ ಮಠಗಳು ಇಲ್ಲೇ ಮತ್ತೆ ಎದ್ದು ನಿಂತಿವೆ. ಊರವರು ಅದಕ್ಕೆ ಲಾಮಾ ಕ್ಯಾಂಪ್ ಅನ್ನುತ್ತಾರೆ. ಸಂತೆಯಲ್ಲಿ ನಮ್ಮವರೂ ಅವರೂ ಒಂದೇ ಬುಟ್ಟಿಯ ಬದನೆಕಾಯಿ ಆರಿಸುತ್ತಾರೆ. ಲಂಬಾಣಿ ತಾಂಡಾ, ದನಗರ ಗೌಳಿಗಳ ದೊಡ್ಡಿ, ಸಿದ್ದಿಗಳ ಮನೆ, ಎಲ್ಲ ಇರುವ ತಾಲ್ಲೂಕು ಇದು. ಇಷ್ಟು ಬಗೆಯ ಮುಖಗಳನ್ನು ದಿನವೂ ನೋಡುವ ಊರಿನಲ್ಲೂ ಒಂದು ಕೂಸಿನ ಮುಖ ಆಡಿಕೊಳ್ಳುವ ವಸ್ತುವಾಯಿತು ಅಂದರೆ ಏನನ್ನೋಣ!

ಆಮೇಲೆ ತಿಳಿದ ಸಂಗತಿ ಕೇಳಿ. ಆ ತೊಟ್ಟಿಲ ದಿನದ ಹೆಂಗಸು ಆಡಿದ ಮಾತನ್ನೇ 1866ರಲ್ಲಿ ಇಂಗ್ಲೆಂಡಿನ ದೊಡ್ಡ ಡಾಕ್ಟರೊಬ್ಬರು ಆಡಿದ್ದರು. ಜಾನ್ ಲ್ಯಾಂಗ್ಡನ್ ಡೌನ್ ಅಂತ ಅವರ ಹೆಸರು. ಇಂಥ ಮಕ್ಕಳ ಲಕ್ಷಣಗಳನ್ನೆಲ್ಲ ಒಂದೇ ಕಡೆ ಚೆನ್ನಾಗಿ ಬರೆದಿಟ್ಟವರಲ್ಲಿ ಅವರೇ ಮೊದಲಿಗರು, ಅದಕ್ಕೇ ಅವರ ಹೆಸರು ಉಳಿದಿದೆ. ಆದರೆ ಕಣ್ಣಿನ ಆಕಾರ ನೋಡಿ ಈ ಮಕ್ಕಳು ಮಂಗೋಲಿಯಾ ದೇಶದ ಜನರ ಹಾಗಿದ್ದಾರೆ ಎಂದುಕೊಂಡು ಅದೇ ಹೆಸರಿಟ್ಟುಬಿಟ್ಟರು. ನೂರು ವರ್ಷ ಪುಸ್ತಕಗಳಲ್ಲೆಲ್ಲ ಆ ಹೆಸರೇ ನಡೆಯಿತು. ಕೊನೆಗೆ 1965ರಲ್ಲಿ ಮಂಗೋಲಿಯಾದವರೇ ವಿಶ್ವ ಆರೋಗ್ಯ ಸಂಸ್ಥೆಗೆ, ನಮ್ಮ ಜನಾಂಗದ ಹೆಸರನ್ನು ಒಂದು ಕಾಯಿಲೆಗೆ ಇಡಬೇಡಿ ಅಂತ ಹೇಳಿದ ಮೇಲೆ ಸಂಸ್ಥೆ ಅದನ್ನು ಕೈಬಿಟ್ಟಿತು. ಅಲ್ಲಿ ಆ ಹೆಸರು ಹೋದ ಮರುವರ್ಷವೇ ಇಲ್ಲಿ ಕ್ಯಾಂಪು ಬಂದದ್ದು.

ನಿಜವಾದ ಕಾರಣ ಗೊತ್ತಾದದ್ದು ಪ್ಯಾರಿಸ್ಸಿನಲ್ಲಿ, 1959ರಲ್ಲಿ ಅದು ಅಚ್ಚಾಗಿ ಹೊರಬಂತು. ನಮ್ಮ ಒಂದೊಂದು ಜೀವಕೋಶದಲ್ಲೂ 46 ವರ್ಣತಂತುಗಳಿರುತ್ತವೆ, ಜೋಡಿ ಜೋಡಿಯಾಗಿ. ಈ ಮಕ್ಕಳಲ್ಲಿ 21ನೆಯ ಜೋಡಿಯಲ್ಲಿ ಎರಡರ ಬದಲು ಮೂರು ಇರುತ್ತವೆ, ಒಟ್ಟು 47. ಕೀರ್ತಿ ಹೋದದ್ದು ಜೆರೋಮ್ ಲೆಜೂನ್ ಎಂಬ ಡಾಕ್ಟರಿಗೆ. ಜೀವಕೋಶಗಳನ್ನು ಬೆಳೆಸುವ ಕೆಲಸ ಮಾಡಿದವಳು ಮಾರ್ಥ್ ಗೋತಿಯೆ ಎಂಬ ಹೆಣ್ಣುಮಗಳು. ಅವಳ ಹೆಸರು ಜನಕ್ಕೆ ತಿಳಿಯಲು ಐವತ್ತು ವರ್ಷ ಬೇಕಾಯಿತು. ಒಲೆ ಮುಂದೆ ನಿಂತವಳು ಒಬ್ಬಳು, ಎಲೆಯ ಮುಂದೆ ಹೊಗಳಿಸಿಕೊಳ್ಳುವವರು ಇನ್ನೊಬ್ಬರು. ಪ್ಯಾರಿಸ್ಸಾದರೇನು, ಶಿಗ್ಗಾಂವಿಯಾದರೇನು!

ತಂಗಿಯ ಅತ್ತೆ ಬಸುರಿದ್ದಾಗ ಗ್ರಹಣದ ದಿನ ಹೊರಗೆ ಬಂದದ್ದೇ ತಪ್ಪು ಅಂತ ಹಿಡಿದಿದ್ದರು. ಸೋದರತ್ತೆಯೊಬ್ಬರು ತವರುಮನೆಯ ರಕ್ತದ ಮೇಲೆ ಹಾಕಿದರು. ಎರಡೂ ಸುಳ್ಳು. ತಾಯಿ ತಿಂದದ್ದು, ನೋಡಿದ್ದು, ನಡೆದದ್ದು ಯಾವುದೂ ಇದಕ್ಕೆ ಕಾರಣವಲ್ಲ. ಬಹುಪಾಲು ಮಕ್ಕಳಲ್ಲಿ ವಂಶದಿಂದ ಬಂದದ್ದೂ ಅಲ್ಲ. ನೂರಕ್ಕೆ ಮೂರು ನಾಲ್ಕು ಮಕ್ಕಳಲ್ಲಿ ಮಾತ್ರ ಬೇರೆ ಬಗೆಯಿರುತ್ತದೆ, ಅದರಲ್ಲಿ ಕೆಲವು ತಾಯಿ ಅಥವಾ ತಂದೆಯಿಂದ ಬರಬಹುದು. ಅದಕ್ಕೇ ರಕ್ತ ಪರೀಕ್ಷೆ ಮಾಡಿಸಬೇಕು ಅನ್ನುವುದು. ತಾಯಿಯ ವಯಸ್ಸು ಮೂವತ್ತೈದು ದಾಟಿದರೆ ಸಂಭವ ಹೆಚ್ಚು, ನಲವತ್ತಕ್ಕೆ ಸುಮಾರು ನೂರು ಹೆರಿಗೆಗೆ ಒಂದು. ಆದರೆ ಚಿಕ್ಕ ವಯಸ್ಸಿನವರೇ ಹೆಚ್ಚು ಹೆರುವುದರಿಂದ ಇಂಥ ಮಕ್ಕಳ ತಾಯಂದಿರಲ್ಲಿ ಚಿಕ್ಕವರೇ ಹೆಚ್ಚು. ನನ್ನ ತಂಗಿಗೆ ಆಗ ಇಪ್ಪತ್ತೊಂಬತ್ತು.

ಇನ್ನು "ನನಗೊಬ್ಬಾಕಿಗೇ" ಅನ್ನುವ ಮಾತು. ಏಳುನೂರರಿಂದ ಸಾವಿರ ಹೆರಿಗೆಗೆ ಒಂದರಂತೆ ಇಂಥ ಕೂಸು ಹುಟ್ಟುತ್ತದೆ ಅಂತ ಲೆಕ್ಕ. ಒಂದು ತಾಲ್ಲೂಕಿನಲ್ಲಿ ವರ್ಷಕ್ಕೆ ಒಂದೂವರೆ ಸಾವಿರ ಹೆರಿಗೆ ಅಂತ ಇಟ್ಟುಕೊಳ್ಳಿ, ಎರಡು ಕೂಸು. ಹತ್ತು ವರ್ಷಕ್ಕೆ ಹದಿನೈದು ಇಪ್ಪತ್ತು. ಎಲ್ಲರೂ ಒಬ್ಬೊಬ್ಬ ಹಳ್ಳಿಯಲ್ಲಿ, ಒಬ್ಬೊಬ್ಬ ತಾಂಡಾದಲ್ಲಿ, ಸೆರಗು ಮುಚ್ಚಿಕೊಂಡು, ಈ ಸೀಮೆಯಲ್ಲಿ ತನಗೊಬ್ಬಳಿಗೇ ಅಂದುಕೊಂಡು ಕೂತಿರುತ್ತಾರೆ.

ಅವರು ಒಬ್ಬರಿಗೊಬ್ಬರು ಸಿಕ್ಕಿದ್ದು ಮುಂಡಗೋಡದಲ್ಲಲ್ಲ, 50 ಕಿಲೋಮೀಟರ್ ದೂರದ ಹುಬ್ಬಳ್ಳಿಯಲ್ಲಿ, ಹೃದಯದ ಎಕೋ ಮಾಡುವ ಕೋಣೆಯ ಹೊರಗಿನ ಬೆಂಚಿನ ಮೇಲೆ. ಈ ಮಕ್ಕಳಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಮಕ್ಕಳಿಗೆ ಹೃದಯದಲ್ಲಿ ತೂತೋ ಇನ್ನೇನೋ ದೋಷ ಇರುತ್ತದೆ. ಆದ್ದರಿಂದ ಹೊರಗಿನಿಂದ ಏನೂ ಕಾಣದಿದ್ದರೂ ಎಲ್ಲ ಮಕ್ಕಳಿಗೂ ಎಕೋ ಮಾಡಿಸಲೇಬೇಕು. ನಾನು ತಂಗಿಯ ಜೊತೆಗೆ ಹೋಗಿದ್ದೆ. ಬೆಂಚಿನ ಆ ತುದಿಗೆ ಒಬ್ಬ ಟಿಬೇಟಿ ಹೆಣ್ಣುಮಗಳು, ಮಡಿಲಲ್ಲಿ ಗಂಡುಕೂಸು. ನಮ್ಮ ಕೂಸನ್ನು ನೋಡಿದಳು, ತನ್ನ ಕೂಸನ್ನು ನೋಡಿಕೊಂಡಳು, ಸರಿದು ಹತ್ತಿರ ಬಂದಳು. ಮುಂಡಗೋಡದಲ್ಲೇ ಹುಟ್ಟಿ ಬೆಳೆದವಳು, ನಮಗಿಂತ ಅಚ್ಚುಕಟ್ಟಾದ ಕನ್ನಡ. ತಂಗಿ ಏನೋ ಮಾತಿಗೆ ಆ ತೊಟ್ಟಿಲ ದಿನದ ಸುದ್ದಿ ತೆಗೆದು, ತಪ್ಪು ತಿಳೀಬ್ಯಾಡ್ರಿ ಅಂತ ಮೊದಲೇ ಕೈ ಮುಗಿದಳು. ಅವಳು ನಕ್ಕು ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ: "ನಿನ್ನ ಕೂಸಿನ ಕಣ್ಣು ನಮ್ಮಂಗ ಐತಿ ಅಂದ್ರೇನಕ್ಕಾ? ನನ್ನ ಕೂಸಿನ ಕಣ್ಣು ನಮ್ಮಂಗ ಇಲ್ಲ ಅಂತ ನಮ್ಮವ್ವ ಮೊದಲನೇ ದಿನಾನ ಹೇಳಿದ್ಲು."

ಅಷ್ಟರಲ್ಲಿ ಒಳಗಿನಿಂದ ಲಂಬಾಣಿ ಹುಡುಗಿಯೊಬ್ಬಳು ಕೂಸನ್ನು ಎದೆಗವಚಿಕೊಂಡು ಹೊರಗೆ ಬಂದಳು. ಇಪ್ಪತ್ತೆರಡರ ಮೇಲಿರಲಿಕ್ಕಿಲ್ಲ. ಕೂಸಿಗೆ ತೂತು ದೊಡ್ಡದಿದೆ, ಆಪರೇಶನ್ ಆಗಬೇಕು ಅಂದಿದ್ದರು. ಎಲ್ಲಿಯವಳು ಅಂತ ಕೇಳಿದರೆ ಮುಂಡಗೋಡ ತಾಲ್ಲೂಕಿನ ತಾಂಡಾ! ಒಂದೇ ತಾಲ್ಲೂಕಿನ ಮೂವರು, ಮೂರು ಬೇರೆ ಬೇರೆ ಬಸ್ಸಿನಲ್ಲಿ ಬಂದಿದ್ದರು. ಸಂಜೆ ಒಂದೇ ಬಸ್ಸಿನಲ್ಲಿ ಹೋದರು. ತಡಸ ದಾಟುವಷ್ಟರಲ್ಲಿ ತಂಗಿ ಕೂಸಿನ ಮುಖದ ಮೇಲಿನ ಸೆರಗು ತೆಗೆದಿದ್ದಳು ಅಂತ ಆಮೇಲೆ ಕೇಳಿ ನನಗೆ ಗಂಟಲು ಕಟ್ಟಿತು.

ಮುಂದೆ ಸನವಳ್ಳಿಯ ಒಡ್ಡಿನ ಮೇಲೆ ಸೇರುವುದು ಶುರುವಾಯಿತು. ಮನೆಗಳಲ್ಲಿ ಸೇರಿದರೆ ಅತ್ತೆಯಂದಿರ ಕಿವಿ, ಪೇಟೆಯಲ್ಲಿ ಸೇರಿದರೆ ಊರ ಕಣ್ಣು. ಒಡ್ಡಿನ ಮೇಲೆ ಗಾಳಿ ಇದೆ, ಮಕ್ಕಳಿಗೆ ನೀರು ನೋಡುವ ಖುಷಿ ಇದೆ. ತಿಂಗಳ ಎರಡನೇ ಆದಿತ್ಯವಾರ, ಮಧ್ಯಾಹ್ನ ಮೂರಕ್ಕೆ, ಒಂದು ಹಳೇ ಜಮಖಾನ ಹಾಸಿಕೊಂಡು. ಸಂಘವಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ. ಪೇಟೆಯಿಂದ ಒಬ್ಬ ಹಿರಿಯ ಹೆಂಗಸು ಬರುತ್ತಾರೆ, ಅವರ ಮಗನಿಗೆ ಇಪ್ಪತ್ನಾಲ್ಕು. ಅವನೂ ಬಂದು ಜಮಖಾನ ಹಾಸಿ, ಎಲ್ಲರಿಗೂ ನೀರು ಕೊಟ್ಟು, ಬೆಳ್ಳಕ್ಕಿ ಎಣಿಸುತ್ತಾ ಕೂಡುತ್ತಾನೆ. ಎಣಿಕೆ ಇಪ್ಪತ್ತರ ಮೇಲೆ ತಪ್ಪುತ್ತದೆ, ಮತ್ತೆ ಒಂದರಿಂದ ಶುರು. ನಮ್ಮ ತಂಗಿಗೆ ಪುಸ್ತಕ ಹೇಳಿಕೊಡದ್ದನ್ನು ಅವನೊಬ್ಬ ಹೇಳಿಕೊಟ್ಟ. ಈ ಕೂಸು ಬೆಳೆದು ದೊಡ್ಡದಾದರೆ ಹೇಗಿರಬಹುದು ಅಂತ ಅವಳು ಕಣ್ಣಾರೆ ನೋಡಿದಳು. ಮುಂದುವರಿದ ದೇಶಗಳಲ್ಲೂ ಇಂಥವರು 1983ರ ಸುಮಾರಿಗೆ ಸರಾಸರಿ ಇಪ್ಪತ್ತೈದು ವರ್ಷ ಬದುಕುತ್ತಿದ್ದರಂತೆ. ಈಗ ಅಲ್ಲಿ ಅರವತ್ತರ ಹತ್ತಿರ ಬಂದಿದೆ, ಮುಖ್ಯವಾಗಿ ಹೃದಯದ ಆಪರೇಶನ್‌ಗಳಿಂದ.

ಮಾತೆಲ್ಲ ನಮ್ಮ ನಿಮ್ಮ ಮನೆಯ ಮಾತೇ. ಕೂಸು ಚೀಪುವುದಿಲ್ಲ ಅಂದರೆ ತಲೆ ಎತ್ತರವಾಗಿ ಹಿಡಿದು, ಗದ್ದಕ್ಕೆ ಬೆರಳಿನ ಆಸರೆ ಕೊಟ್ಟು, ಸ್ವಲ್ಪ ಸ್ವಲ್ಪ ಹೊತ್ತಿಗೆ ಕುಡಿಸಬೇಕು ಅನ್ನುತ್ತಾರೆ ಹಿರಿಯಾಕೆ. ಆರು ತಿಂಗಳು ತುಂಬಿದ ಮೇಲೆ ಮೊಳಕೆ ರಾಗಿಯ ಸರಿ, ಚಮಚ ಓರೆಯಾದರೆ ಸುರಿಯದಷ್ಟು ಗಟ್ಟಿಯಾಗಿ. ತೀರ ನೀರಾದರೆ ಈ ಮಕ್ಕಳಿಗೆ ನೆತ್ತಿಗೆ ಹತ್ತುತ್ತದೆ. ನಾಲಗೆ ಮುಂದೆ ಬರುವುದರಿಂದ ತಿಂದದ್ದನ್ನು ಹೊರಗೆ ದೂಡುತ್ತವೆ, ಬೇಡವಾಗಿ ಉಗುಳುವುದಲ್ಲ ಅದು. ಚಮಚವನ್ನು ನಾಲಗೆಯ ಮೇಲೆ ಮೆಲ್ಲಗೆ ಒತ್ತಿ ತೆಗೆದರೆ ನುಂಗುತ್ತವೆ. ಮಾತು ಬರಲಿ ಅಂತ ಬಜೆ ತೇಯ್ದು ನೆಕ್ಕಿಸುವುದು ನಮ್ಮ ಕಡೆ ಉಂಟು, ಡಾಕ್ಟರು ಬೇಡವೇ ಬೇಡ ಅಂದಿದ್ದಾರೆ. ಇನ್ನೊಂದು ಮಾತು, ಇದನ್ನು ದಯವಿಟ್ಟು ನೆನಪಿಡಿ. ಎಣ್ಣೆ ನೀರು ಹಾಕುವ ಅಜ್ಜಿಯರು ಕೂಸಿನ ಕಾಲು ಹಿಡಿದು ತಲೆಕೆಳಗೆ ಮಾಡುವುದು, ಕತ್ತು ನೀವಿ ಎಳೆಯುವುದು ಇದೆಯಲ್ಲ, ಈ ಮಕ್ಕಳಿಗೆ ಅದು ಕೂಡದು. ಇವರ ಕತ್ತಿನ ಮೂಳೆಯ ಕಟ್ಟು ಸಡಿಲವಿರುತ್ತದೆ. ಎಣ್ಣೆ ಹಚ್ಚಿ, ಮೈ ನೀವಿ, ಎಳೆಯಬೇಡಿ.

ಥೈರಾಯ್ಡ್ ರಕ್ತ ಪರೀಕ್ಷೆ ಹುಟ್ಟಿದಾಗ, ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ವರ್ಷವರ್ಷವೂ ಆಗಬೇಕು. ಕಿವಿ, ಕಣ್ಣು ಕೂಡ. ಕೇಳಿಸದಿದ್ದರೆ ಮಾತು ಬರುವುದಾದರೂ ಹೇಗೆ? ಕೂಡುವುದು, ನಡೆಯುವುದು ತಡ. ಎರಡು ವರ್ಷಕ್ಕೆ ನಡೆದ ಮಗುವೂ ಉಂಟು, ಮೂರಕ್ಕೆ ನಡೆದದ್ದೂ ಉಂಟು. ನಮ್ಮದು ಈಗ ಗೋಡೆ ಹಿಡಿದು ನಿಲ್ಲುತ್ತದೆ.

ಒಡ್ಡಿಗೆ ಬರುವವರಲ್ಲಿ ಮಳಗಿ ಕಡೆಯ ಒಬ್ಬಾಕೆ ಇದ್ದಾಳೆ. ಬರಿಗೈಯಲ್ಲಿ ಬರುತ್ತಾಳೆ. ಅವಳ ಗಂಡುಮಗು ಹದಿನಾಲ್ಕು ತಿಂಗಳಿಗೆ ನ್ಯುಮೋನಿಯಾದಲ್ಲಿ ಹೋಯಿತು. ಹೃದಯದಲ್ಲಿ ದೋಷವಿತ್ತೆಂದು ತಿಳಿದದ್ದು ಕೊನೆಯ ವಾರ. ಮೊದಲ ಸಲ ಅವಳು ಬಂದಾಗ ಉಳಿದವರಿಗೆ ಏನು ಮಾತಾಡಬೇಕೋ ತೋಚಲಿಲ್ಲವಂತೆ. ಅವಳೇ ತಂಗಿಯ ಕೂಸನ್ನು ಎತ್ತಿಕೊಂಡು, "ಇದರ ಮೈ ವಾಸನಿ ನಮ್ಮ ಕೂಸಿಂದು ಇದ್ದಂಗ ಐತಿ" ಅಂದು ಸಂಜೆವರೆಗೂ ಕೆಳಗಿಳಿಸಲಿಲ್ಲ. ಆಮೇಲೆ ಒಂದು ತಿಂಗಳೂ ತಪ್ಪಿಸಿಲ್ಲ.

ಅವಳು ಬಂದದ್ದರಿಂದಲೇ ತಾಂಡಾದ ಕೂಸು ಉಳಿಯಿತು ಅನ್ನಬೇಕು. ಆ ಹುಡುಗಿಯ ಮನೆಯಲ್ಲಿ ಎದೆ ಸೀಳಿಸಲು ಯಾರೂ ಒಪ್ಪಿರಲಿಲ್ಲ. ದೇವರಿಗೆ ಹರಕೆ ಹೊತ್ತಿದ್ದೇವೆ, ನೋಡೋಣ, ಅಂತ ಮುದುಕಿ ಪಟ್ಟು ಹಿಡಿದಿದ್ದಳು. ಖರ್ಚಿನ ಹೆದರಿಕೆ ಬೇರೆ. ಒಂದು ದಿನ ನಾಲ್ವರೂ ತಾಂಡಾಕ್ಕೆ ಹೋದರು. ತಂಗಿ ಹೇಳಿದಳು, ಟಿಬೇಟಿ ಹೆಣ್ಣುಮಗಳು ಹೇಳಿದಳು, ಮುದುಕಿ ಕದಲಲಿಲ್ಲ. ಮಳಗಿಯವಳು ಮುದುಕಿಯ ಹತ್ತಿರ ಕೂತು, "ಆಯೀ, ನನ್ನ ಮನಿಗೆ ಬಂದು ಹಿಂಗ ಹೇಳೋರು ಯಾರೂ ಇರಲಿಲ್ಲ" ಅಂದಳಷ್ಟೇ. ಮುದುಕಿ ಬಹಳ ಹೊತ್ತು ಸುಮ್ಮನಿದ್ದು, ಯಾವಾಗ ಹೋಗಬೇಕು ಅಂತ ಕೇಳಿದಳು. ಬೆಂಗಳೂರಿನಲ್ಲಿ ಆಪರೇಶನ್ ಆಯಿತು. ಬಿಪಿಎಲ್ ಕಾರ್ಡಿನವರಾದ್ದರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕೈಯಿಂದ ಖರ್ಚು ಬೀಳಲಿಲ್ಲ. ಹೋಗಿಬರುವ ಬಸ್ಸಿನ ದುಡ್ಡು ಮಾತ್ರ ಒಡ್ಡಿನ ಮೇಲೆ ಕೂಡಿಸಿದ್ದು. ಈಗ ಆ ಕೂಸು ಅಳುವ ಸದ್ದು ಡ್ಯಾಮಿನ ಆಚೆ ದಡಕ್ಕೂ ಕೇಳುತ್ತದೆ.

ಓದುವ ಸೋದರಿಯರೇ, ನಿಮ್ಮ ಓಣಿಯಲ್ಲೂ ಇಂಥ ಕೂಸಿದ್ದರೆ ಕೆಲವು ಬಾಗಿಲುಗಳು ಗೊತ್ತಿರಲಿ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಮಕ್ಕಳ ತಪಾಸಣೆಗೆ ಡಾಕ್ಟರ ತಂಡ ಬರುತ್ತದೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ, 2013ರಲ್ಲಿ ಶುರುವಾದದ್ದು. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲೇ ಡೌನ್ ಸಿಂಡ್ರೋಮ್ ಇದೆ. ಮುಂದಿನ ಚಿಕಿತ್ಸೆಗೂ ಅವರೇ ಬರೆದುಕೊಡುತ್ತಾರೆ. ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ಯುಡಿಐಡಿ ಕಾರ್ಡು ಮಾಡಿಸಲು, ಮಾಸಾಶನಕ್ಕೆ ಅರ್ಜಿ ಹಾಕಲು ಅವರನ್ನು ಹಿಡಿಯಿರಿ. ಕೇಂದ್ರದ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಮಾತು ಕಲಿಸುವುದಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ ಮಾಡುತ್ತಿರುವುದು. ಅಷ್ಟು ದೂರ ಆಗದವರಿಗೆ ಶಿರಸಿಯಲ್ಲಿ ಅಜಿತ ಮನೋಚೇತನದವರ ವಿಶೇಷ ಶಾಲೆ ಉಂಟು. ಚೆನ್ನೈಯಲ್ಲಿ ಸುರೇಖಾ ರಾಮಚಂದ್ರನ್ ಎಂಬಾಕೆ ತಮ್ಮ ಮಗಳಿಗಾಗಿ ಓದಿ ತಿಳಿದದ್ದನ್ನು ಬೇರೆ ತಾಯಂದಿರಿಗೆ ಹೇಳಲು ಹೊರಟು ಕಟ್ಟಿದ ಸಂಸ್ಥೆ ಇವತ್ತು ಡೌನ್ ಸಿಂಡ್ರೋಮ್ ಫೆಡರೇಶನ್ ಆಫ್ ಇಂಡಿಯಾ ಆಗಿ ಬೆಳೆದಿದೆ. ಇಂಥ ಕೆಲಸವೆಲ್ಲ ಒಬ್ಬ ತಾಯಿ ಇನ್ನೊಬ್ಬಳ ಮನೆ ಬಾಗಿಲು ತಟ್ಟಿದಾಗಲೇ ಶುರುವಾಗಿದೆ ಅನ್ನಿಸುತ್ತದೆ.

ಮಾರ್ಚ್ 21 ವಿಶ್ವ ಡೌನ್ ಸಿಂಡ್ರೋಮ್ ದಿನ. 21ನೆಯದು ಮೂರು ಇರುವುದರಿಂದ ಮೂರನೇ ತಿಂಗಳ 21. ವಿಶ್ವಸಂಸ್ಥೆ 2012ರಿಂದ ಅದನ್ನು ಆಚರಿಸುತ್ತಿದೆ. ಹೋದ ಮಾರ್ಚಿನಲ್ಲಿ ಒಡ್ಡಿನ ಮೇಲೂ ಆಚರಣೆ ಆಯಿತು ಅನ್ನಿ. ಕ್ಯಾಂಪಿನಿಂದ ಆವಿಯಲ್ಲಿ ಬೇಯಿಸಿದ ರೊಟ್ಟಿ, ಪೇಟೆಯಿಂದ ಗಿರ್ಮಿಟ್ಟು, ನಾನು ಒಯ್ದದ್ದು ಬೇಸನ್ ಉಂಡೆ. ತಂಗಿಯ ಅತ್ತೆ, ಆ ಗ್ರಹಣದ ಅತ್ತೆಯೇ, ಕೊಡದಲ್ಲಿ ಮಜ್ಜಿಗೆ ಕಳಿಸಿದ್ದರು. ತಾವು ಬರಲಿಲ್ಲ.

ದೀಪಾವಳಿ ಆದಮೇಲೆ ಎರಡು ತಿಂಗಳು ಟಿಬೇಟಿ ಹೆಣ್ಣುಮಗಳು ಇರುವುದಿಲ್ಲ, ಹುಬ್ಬಳ್ಳಿಗೆ ಸ್ವೆಟರ್ ಮಾರಲು ಹೋಗುತ್ತಾಳೆ, ಕೂಸನ್ನೂ ಕರೆದುಕೊಂಡೇ. ಹಾಗಾದರೆ ಆ ಎರಡು ತಿಂಗಳು ಸೇರುವುದು ಬೇಡವೇ ಅಂತ ಚರ್ಚೆಯಾಯಿತು. ಕೊನೆಗೆ ಮಳಗಿಯವಳು ದಾರಿ ಹುಡುಕಿದಳು. ಹೇಗೂ ಚೆಕಪ್ಪಿಗೆ ಹುಬ್ಬಳ್ಳಿಗೆ ಹೋಗಲೇಬೇಕು, ಅದೇ ದಿನ ಅವಳ ಸ್ವೆಟರ್ ಅಂಗಡಿಯ ಹಿಂದೆ ಜಮಖಾನ ಹಾಸಿದರಾಯಿತು. ಜಮಖಾನ ತರುವ ಜವಾಬ್ದಾರಿ ತನ್ನದೇ ಅಂತ ಬೆಳ್ಳಕ್ಕಿ ಎಣಿಸುವ ಹುಡುಗ ಈಗಲೇ ಎಲ್ಲರಿಗೂ ಎರಡೆರಡು ಸಲ ಹೇಳಿಟ್ಟಿದ್ದಾನೆ.